ಬಾಲ್ ಪೈಥಾನ್ ಮೂರನೇ ದಿನ ಇಲಿ ಕಕ್ಕಿದೆ, ಮತ್ತೆ ಊಟ ಯಾವಾಗ ಕೊಡಬೇಕು?

ಪಿಜೆ_ಬಡಾವಣೆ
ಊರು ದಾವಣಗೆರೆ. ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು), ಗಂಡು, ಎರಡು ವರ್ಷದ್ದು, ತೂಕ 620 ಗ್ರಾಂ. ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಭಾನುವಾರ ರಾತ್ರಿ 70 ಗ್ರಾಂನ ಫ್ರೋಜನ್ ಇಲಿ ಕರಗಿಸಿ ಕೊಟ್ಟಿದ್ದು, ಬುಧವಾರ ಬೆಳಗ್ಗೆ ಇಡೀ ಇಲಿ ಹೊರಗೆ ಬಿದ್ದಿತ್ತು. ತಲೆ, ಮುಂಗಾಲಿನ ಕಡೆ ಚರ್ಮ ಕರಗಿ ಲೋಳೆ ಆಗಿದೆ, ಸೊಂಟದಿಂದ ಹಿಂದೆ ಕೂದಲೂ ಉದುರಿಲ್ಲ. ವಾಸನೆ ವಿಪರೀತ. ಹಾವು ತಣ್ಣನೆ ಬದಿಯ ಗೂಡಿನಲ್ಲಿ ಸುರುಳಿ ಸುತ್ತಿ ಮಲಗಿದೆ, ನಾಲಿಗೆ ಆಡಿಸ್ತಿದೆ, ಬಾಯಿ ಮುಚ್ಚೇ ಇದೆ. 3 ಅಡಿ ಗಾಜಿನ ಟ್ಯಾಂಕ್, ಕೆಳಗೆ 20 ವ್ಯಾಟ್ ಹೀಟ್ ಮ್ಯಾಟ್, ಥರ್ಮೋಸ್ಟ್ಯಾಟ್ 32ಕ್ಕೆ ಸೆಟ್ ಆಗಿದೆ. ಹೊಟ್ಟೆ ಖಾಲಿ ಅಲ್ವಾ, ನಾಳೆ ಒಂದು ಚಿಕ್ಕ ಇಲಿ ಕೊಡಬಹುದಾ?

ಜೋಗಿಮಟ್ಟಿ
ಬೇಡ. 14 ದಿನ ಏನೂ ಕೊಡಬೇಡಿ. ನೀರು ಮಾತ್ರ ಇರಲಿ.

ಹರಿಹರ_ಸೇತುವೆ
14 ದಿನ ಜಾಸ್ತಿ ಆಯ್ತು ಅಣ್ಣ. ಕಾರ್ನ್ ಸ್ನೇಕ್‌ಗೆ ಎಲ್ರೂ 7 ದಿನಕ್ಕೇ ಕೊಡ್ತಾರಲ್ಲ?

ಪಶುವೈದ್ಯೆ_ಹೊಳಲ್ಕೆರೆ
ಕೊಡ್ತಾರೆ, ಅದಕ್ಕೇ ಎರಡನೇ ಸಲ ಕಕ್ಕುತ್ತೆ. ಕಾರ್ನ್ ಸ್ನೇಕ್‌ಗೂ 10 ದಿನ ಕನಿಷ್ಠ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಮ್ಮ ಹೊಟ್ಟೆ ಥರ ಹೆಬ್ಬಾವಿನ ಹೊಟ್ಟೆ ಸದಾ ತಯಾರಿರಲ್ಲ. ಉಪವಾಸ ಇದ್ದಾಗ ಹೊಟ್ಟೆಯಲ್ಲಿ ಆಮ್ಲವೇ ಇರೋದಿಲ್ಲ ಅನ್ನಬಹುದು, ಪಿಎಚ್ 7ರ ಆಸುಪಾಸು. ಬೇಟೆ ಒಳಗೆ ಹೋದ ಮೇಲೆ ಆಮ್ಲ ಸುರಿಯೋಕೆ ಶುರುವಾಗುತ್ತೆ, ಒಂದು ದಿನದೊಳಗೆ ಪಿಎಚ್ 2ರ ಆಸುಪಾಸಿಗೆ ಇಳಿಯುತ್ತೆ. ಬರ್ಮೀಸ್ ಹೆಬ್ಬಾವುಗಳಲ್ಲಿ ಇದನ್ನ ಅಳೆದು ನೋಡಿದ್ದಾರೆ. ಜೊತೆಗೆ ಸಣ್ಣಕರುಳು ದಪ್ಪವಾಗುತ್ತೆ, ಯಕೃತ್ತು, ಹೃದಯ ಕೂಡ ದೊಡ್ಡದಾಗುತ್ತವೆ. ಇಷ್ಟಕ್ಕೆಲ್ಲ ಮೈಯಲ್ಲಿದ್ದ ಶಕ್ತಿಯನ್ನೇ ಖರ್ಚು ಮಾಡಬೇಕು. ಕಕ್ಕಿದರೆ ಖರ್ಚು ಮಾಡಿದ್ದೂ ಹೋಯ್ತು, ಬರಬೇಕಾದ್ದೂ ಹೋಯ್ತು. ನೀರು, ಲವಣ, ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಕೂಡ ಅದರ ಜೊತೆ ಹೋಗುತ್ತೆ. ಆಮ್ಲ ಅನ್ನನಾಳದ ಮೂಲಕ ಮೇಲೆ ಬಂದಿರುವುದರಿಂದ ಅಲ್ಲಿನ ಪೊರೆ ಹುಣ್ಣಾಗಿರುತ್ತೆ. ಅದು ಮಾಯುವ ಮುಂಚೆ ಇನ್ನೊಂದು ಇಲಿ ತುರುಕಿದರೆ ಮತ್ತೆ ಹೊರಗೇ ಬರೋದು.

620 ಗ್ರಾಂನ ಆರೋಗ್ಯವಂತ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಎರಡು ವಾರದ ಹಸಿವಿನಿಂದ ಅದಕ್ಕೆ ಏನೂ ಆಗಲ್ಲ, ಎರಡನೇ ಸಲ ಕಕ್ಕಿದರೆ ಆಗುತ್ತೆ.

ಚಂದ್ರವಳ್ಳಿ_77
ಒಂದೆರಡು ಚಮಚ ಓಂ ಕಾಳಿನ ನೀರು ಕುಡಿಸಿದ್ರೆ ಹೊಟ್ಟೆ ಸರಿ ಹೋಗಲ್ವಾ? ಇಲ್ಲಾಂದ್ರೆ ಹಾಲು?

ಪಶುವೈದ್ಯೆ_ಹೊಳಲ್ಕೆರೆ
ಎರಡೂ ಬೇಡ. ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಹಾವಿಗಿಲ್ಲ. ಪಂಚಮಿಯಲ್ಲಿ ಹಾವು ಹಾಲು ಕುಡಿದಂತೆ ಕಾಣುವುದು ಅದನ್ನ ಅದಕ್ಕೂ ಮುಂಚೆ ದಿನಗಟ್ಟಲೆ ನೀರಿಲ್ಲದೆ ಇಟ್ಟಿರುತ್ತಾರೆ ಅನ್ನೋ ಕಾರಣಕ್ಕೆ. ಇನ್ನು ಸಿರಿಂಜಿನಲ್ಲಿ ಏನನ್ನಾದರೂ ಬಾಯಿಗೆ ಹಾಕಿದರೆ, ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ತೆರೆದಿರುತ್ತೆ, ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಕಕ್ಕಿದ ಹಾವಿನ ಗಂಟಲು ಮೊದಲೇ ಕೆರಳಿರುತ್ತೆ. ದಯವಿಟ್ಟು ಯಾರೂ ಬಾಯಿ ಬಿಡಿಸಬೇಡಿ.

ಕುಂದವಾಡ_ಕೆರೆ
ಮೂಲ ಪೋಸ್ಟ್ ಹಾಕಿದವರಿಗೆ: ಥರ್ಮೋಸ್ಟ್ಯಾಟ್‌ನ ಪ್ರೋಬ್ (ಬಿಸಿ ಅಳೆಯೋ ತುದಿ) ಎಲ್ಲಿದೆ? ಮ್ಯಾಟ್ ಮೇಲೆ ಎಷ್ಟು ಕೋಕೋಪೀಟ್ ಹಾಕಿದ್ದೀರಿ? 32 ಅನ್ನೋದು ಯಾವ ಜಾಗದ ಲೆಕ್ಕ?

ಪಿಜೆ_ಬಡಾವಣೆ
ಪ್ರೋಬ್ ಟ್ಯಾಂಕ್ ಕೆಳಗೆ, ಮ್ಯಾಟ್‌ಗೂ ಗಾಜಿಗೂ ಮಧ್ಯ ಟೇಪ್ ಹಾಕಿ ಅಂಟಿಸಿದ್ದು. ಒಳಗೆ ಕೋಕೋಪೀಟ್ ಸುಮಾರು 7-8 ಸೆಂ.ಮೀ.

ಕುಂದವಾಡ_ಕೆರೆ
ಹಾಗಾದ್ರೆ ಮೊದಲ ಅನುಮಾನ ಇಲ್ಲೇ. ಕೋಕೋಪೀಟ್ ಶಾಖ ತಡೆಯುತ್ತೆ. ಗಾಜಿನ ತಳದಲ್ಲಿ 32 ಬಂದ ಕೂಡಲೇ ಥರ್ಮೋಸ್ಟ್ಯಾಟ್ ಕರೆಂಟ್ ಕಟ್ ಮಾಡುತ್ತೆ, 8 ಸೆಂ.ಮೀ. ಮೇಲೆ ಮಲಗಿದ ಹಾವಿನ ಹೊಟ್ಟೆಗೆ ಆ ಬಿಸಿ ತಲುಪೋದೇ ಇಲ್ಲ. ಡಿಸೆಂಬರ್, ಜನವರಿ ಬೆಳಗಿನ ಜಾವ ನಮ್ಮೂರಲ್ಲಿ ಹೊರಗೆ 14-15 ಡಿಗ್ರಿಗೆ ಇಳಿಯುತ್ತೆ, ಗ್ರಾನೈಟ್ ನೆಲದ ಮನೆಯೊಳಗೆ 20-21. ಆ ಹೊತ್ತಿನಲ್ಲಿ ಕೋಕೋಪೀಟ್ ಮೇಲ್ಭಾಗ ಎಷ್ಟಿದೆ ಅನ್ನೋದು ಮುಖ್ಯ. ಇನ್‌ಫ್ರಾರೆಡ್ ಗನ್ ಇದ್ರೆ ಬೆಳಗ್ಗೆ 5 ಗಂಟೆಗೆ ಅಳೆದು ಹಾಕಿ. ಮಧ್ಯಾಹ್ನ ಅಳೆದ್ರೆ ಎಲ್ಲ ಸರಿಯಾಗೇ ಕಾಣುತ್ತೆ.

ಬಾಲ್ ಪೈಥಾನ್‌ಗೆ ಬಿಸಿ ಬದಿಯ ಮೇಲ್ಮೈ 31ರಿಂದ 33, ತಣ್ಣನೆ ಬದಿ 25ರಿಂದ 27, ತೇವಾಂಶ 55ರಿಂದ 65 ಶೇಕಡಾ. ಹೊಟ್ಟೆಯಲ್ಲಿ ಇಲಿ ಇರುವಾಗ ಹಾವಿನ ಮೈ 25ಕ್ಕಿಂತ ಕೆಳಗೆ ಗಂಟೆಗಟ್ಟಲೆ ನಿಂತರೆ ಜೀರ್ಣರಸದ ಕೆಲಸ ನಿಧಾನವಾಗುತ್ತೆ, ಇಲಿಯ ಕರುಳಿನೊಳಗಿನ ಬ್ಯಾಕ್ಟೀರಿಯಾ ಮಾತ್ರ ನಿಲ್ಲಲ್ಲ. ಅರಗುವುದಕ್ಕಿಂತ ಮುಂಚೆ ಕೊಳೆಯುತ್ತೆ, ಗ್ಯಾಸ್ ತುಂಬುತ್ತೆ, ಹಾವು ಹೊರಹಾಕುತ್ತೆ. ತಲೆ ಕಡೆ ಕರಗಿ ಹಿಂಭಾಗ ಉಳಿದಿದೆ ಅಂದ್ರಲ್ಲ, ಅದು ತಲೆಯಿಂದ ನುಂಗಿದ್ದು. ಅರಗೋಕೆ ಶುರುವಾಗಿ ಮಧ್ಯದಲ್ಲಿ ನಿಂತಿದೆ ಅಂತಲೇ ಅರ್ಥ.

ಹರಿಹರ_ಸೇತುವೆ
ಇಲಿ ದೊಡ್ಡದಾಗಿದ್ದರೆ? 70 ಗ್ರಾಂ ಜಾಸ್ತಿ ಅಲ್ವಾ?

ಜೋಗಿಮಟ್ಟಿ
620ಕ್ಕೆ 70 ಅಂದ್ರೆ 11 ಶೇಕಡಾ. ಮರಿಗಳಿಗೆ 10-15, ಈ ವಯಸ್ಸಿಗೆ 7-10, ಬೆಳೆದದ್ದಕ್ಕೆ 5-6 ಶೇಕಡಾ ಸಾಕು. ಸ್ವಲ್ಪ ಮೇಲಿದೆ ನಿಜ, ಆದರೆ ಬಿಸಿ ಸರಿಯಿದ್ದರೆ ಇಷ್ಟಕ್ಕೆ ಕಕ್ಕಲ್ಲ. ಇಲಿಯ ಅಗಲ ಹಾವಿನ ನಡುಭಾಗದ ದಪ್ಪ ಮೀರಬಾರದು, ಅದೂ ನೋಡಿ. ಊಟ ಆದ ಮೇಲೆ ಹಾವನ್ನ ಕೈಗೆತ್ತಿಕೊಂಡಿರಾ? 48 ಗಂಟೆಯೊಳಗೆ ಮುಟ್ಟಿದ್ರೂ ಕಕ್ಕುತ್ತೆ.

ಪಿಜೆ_ಬಡಾವಣೆ
ಯಾರೂ ಮುಟ್ಟಿಲ್ಲ. ಗಾಜಿಗೆ ಬಟ್ಟೆ ಮುಚ್ಚಿತ್ತು.

ತುರುವನೂರು_ರಸ್ತೆ
ಇಲಿ ಎಲ್ಲಿಂದ ತರಿಸ್ತೀರಿ? ಬೆಂಗಳೂರಿಂದ ಬಸ್ ಪಾರ್ಸಲ್ಲಾ? ಅದನ್ನೂ ನೋಡ್ರಿ. ಐದಾರು ತಾಸು ಡಿಕ್ಕಿಯಲ್ಲಿ ಬಿಸಿಲಿಗೆ ಬರ್ತೈತಿ, ಥರ್ಮಾಕೋಲ್ ಡಬ್ಬಿ ತೆಳ್ಳಗಿದ್ರೆ ಅರ್ಧ ಕರಗಿರ್ತೈತಿ, ಮನೆಗೆ ತಂದು ಮತ್ತೆ ಫ್ರೀಜರ್‌ಗೆ ಹಾಕ್ತಾರೆ. ಒಳಗಿನ ಕರುಳು ಆಗಲೇ ಕೊಳೆಯೋಕೆ ಹತ್ತಿರ್ತೈತಿ. ಕರಗಿಸಿದಾಗ ಹೊಟ್ಟೆ ಉಬ್ಬಿದ್ರೆ, ಹಸಿರು ಬಣ್ಣಕ್ಕೆ ತಿರುಗಿದ್ರೆ, ಚರ್ಮ ಹಿಡಿದ್ರೆ ಕೂದಲು ಗುಂಪಾಗಿ ಕಿತ್ತು ಬಂದ್ರೆ ಆ ಇಲಿ ಎಸೀರಿ. ದುಡ್ಡು ಹೋಯ್ತು ಅಂತ ನೋಡಬೇಡ್ರಿ.

ಕರಗಿಸೋ ಕ್ರಮ: ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡ್ರಿ, 8-10 ತಾಸು. ಆಮೇಲೆ ಜಿಪ್ ಕವರಿಗೆ ಹಾಕಿ 40 ಡಿಗ್ರಿ ನೀರಲ್ಲಿ 15-20 ನಿಮಿಷ. ಹೊಟ್ಟೆ ಭಾಗ ಬೆರಳಲ್ಲಿ ಒತ್ತಿ ನೋಡ್ರಿ, ಗಟ್ಟಿ ತಣ್ಣನೆ ಗಂಟು ಸಿಕ್ಕಿದ್ರೆ ಇನ್ನೂ ಕರಗಿಲ್ಲ. ಮೈಕ್ರೋವೇವ್ ಬೇಡವೇ ಬೇಡ, ಹೊರಗೆ ಬೆಂದು ಒಳಗೆ ಐಸ್ ಉಳೀತೈತಿ. ಬಿಸಿಲಲ್ಲಿ ಇಡೋದೂ ಬೇಡ.

ಚಂದ್ರವಳ್ಳಿ_77
ಅಷ್ಟು ಕಷ್ಟ ಯಾಕೆ, ಗೋಡೌನ್‌ನಲ್ಲಿ ಹಿಡಿದ ಇಲಿ ಕೊಡಬಹುದಲ್ಲ? ಭತ್ತದ ಮಿಲ್ಲುಗಳಲ್ಲಿ ಬೇಕಾದಷ್ಟು ಇವೆ.

ತುರುವನೂರು_ರಸ್ತೆ
ಅದೇ ಮಿಲ್ಲುಗಳಲ್ಲಿ ಇಲಿ ಪಾಷಾಣ ಇಟ್ಟಿರ್ತಾರೆ. ಮೆಕ್ಕೆಜೋಳದ ಹೊಲದಲ್ಲಿ ಜಿಂಕ್ ಫಾಸ್ಫೈಡ್, ಗೋಡೌನ್‌ಗಳಲ್ಲಿ ಬ್ರೊಮಾಡಯೊಲೋನ್ ಬಿಸ್ಕತ್ತು. ಬ್ರೊಮಾಡಯೊಲೋನ್ ತಿಂದ ಇಲಿ ಕೂಡಲೇ ಸಾಯಲ್ಲ, ಮೂರ್ನಾಲ್ಕು ದಿನ ಓಡಾಡ್ತೈತಿ, ನೋಡೋಕೆ ಗಟ್ಟಿಮುಟ್ಟಾಗೇ ಇರ್ತೈತಿ. ಜೊತೆಗೆ ಹುಳ, ಉಣ್ಣೆ, ಚಿಗಟ ಎಲ್ಲ ಬರ್ತೈತಿ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡೋದು ಬೇರೆ.

ಲ್ಯಾಬ್_ಮೇಜು
ಕಕ್ಕಿದ ಇಲಿ ಎಸೆದುಬಿಟ್ರಾ? ಇದ್ರೆ ಎಸೀಬೇಡಿ. ಅದರ ಮೇಲಿನ ಲೋಳೆ ಹೊಟ್ಟೆಯ ಪೊರೆಯಿಂದಲೇ ಬಂದಿರುತ್ತೆ, ಕ್ರಿಪ್ಟೊಸ್ಪೋರಿಡಿಯಂ (ಹೊಟ್ಟೆ, ಕರುಳಿಗೆ ಬರೋ ಪರಾವಲಂಬಿ, ಚಿಕ್ಕದಾಗಿ ಕ್ರಿಪ್ಟೊ) ಹುಡುಕೋಕೆ ಅದಕ್ಕಿಂತ ಒಳ್ಳೆ ಸ್ಯಾಂಪಲ್ ಸಿಗೋದು ಕಷ್ಟ. ಎರಡು ಕವರ್ ಹಾಕಿ, ದಿನಾಂಕ ಬರೆದು, ಫ್ರಿಜ್‌ನ ಕೆಳಭಾಗದಲ್ಲಿ ಮುಚ್ಚಳದ ಡಬ್ಬಿಯೊಳಗಿಡಿ, ಫ್ರೀಜರ್‌ನಲ್ಲಿ ಬೇಡ. ಅಡುಗೆ ಸಾಮಾನಿಂದ ದೂರ. 24 ಗಂಟೆಯೊಳಗೆ ತಲುಪಿದರೆ ಒಳ್ಳೇದು.

ಮುಂದೆ ಮಲ ಹಾಕಿದಾಗಲೂ ಸ್ಯಾಂಪಲ್ ತೆಗೀರಿ. ಬಿಳಿ ಸುಣ್ಣದ ಗಟ್ಟಿ ಥರ ಇರೋದು ಯೂರೇಟ್ (ಹಾವಿನ ಗಟ್ಟಿ ಮೂತ್ರ), ಅದರಲ್ಲಿ ಏನೂ ಸಿಗಲ್ಲ. ಕಂದು ಭಾಗ ಬೇಕು, ಕಡಲೆಕಾಳಿನಷ್ಟು ಸಾಕು. ವೆಟ್ ಮೌಂಟ್, ಫ್ಲೋಟೇಶನ್ ಎರಡೂ ಪರೀಕ್ಷೆ ಕೇಳಿ. ಕ್ರಿಪ್ಟೊಗೆ ಮಾತ್ರ ಮಾರ್ಪಡಿಸಿದ ಆಸಿಡ್-ಫಾಸ್ಟ್ ಬಣ್ಣ ಹಾಕಬೇಕು, ಚೀಟಿಯಲ್ಲಿ ಬರೆದು ಕೊಡದಿದ್ದರೆ ಯಾರೂ ಮಾಡಲ್ಲ. ಒಂದು ಸಲ ನೆಗೆಟಿವ್ ಬಂತು ಅಂತ ಬಿಡಬೇಡಿ, ಅದು ಬಿಟ್ಟುಬಿಟ್ಟು ಹೊರಬರುತ್ತೆ, ವಾರಕ್ಕೊಂದರಂತೆ ಮೂರು ಸ್ಯಾಂಪಲ್ ನೋಡಬೇಕು. ಪಾಸಿಟಿವ್ ಬಂದರೂ ಗಾಬರಿ ಬೇಡ. ತಿಂದ ಇಲಿಯ ಮೈಯಲ್ಲಿದ್ದ ಬೇರೆ ಜಾತಿಯ ಕ್ರಿಪ್ಟೊ ಹಾವಿನ ಕರುಳು ದಾಟಿ ಹಾಗೇ ಬರಬಹುದು, ಸೂಕ್ಷ್ಮದರ್ಶಕದಲ್ಲಿ ಎರಡನ್ನೂ ಬೇರ್ಪಡಿಸೋದು ಕಷ್ಟ. ಪಿಸಿಆರ್ ಮಾಡಿಸಿದ ಮೇಲೆಯೇ ತೀರ್ಮಾನ.

ಪಿಜೆ_ಬಡಾವಣೆ
ಇಲಿ ಕವರಲ್ಲೇ ಇದೆ. ಮುಂಜಾನೆ 5:10ಕ್ಕೆ ಅಳೆದದ್ದು: ಬಿಸಿ ಬದಿ ಕೋಕೋಪೀಟ್ ಮೇಲೆ 24.6, ಗೂಡಿನೊಳಗೆ 24.1, ತಣ್ಣನೆ ಬದಿ 21.3. ಥರ್ಮೋಸ್ಟ್ಯಾಟ್ ಮಾತ್ರ 32.0 ತೋರಿಸ್ತಿತ್ತು.

ಕುಂದವಾಡ_ಕೆರೆ
ಉತ್ತರ ಸಿಕ್ತು. ಈಗ ಹೀಗೆ ಮಾಡಿ. ಕೋಕೋಪೀಟ್ ಪೂರ್ತಿ ತೆಗೆದು ನ್ಯೂಸ್‌ಪೇಪರ್ ನಾಲ್ಕು ಪದರ ಹಾಸಿ. ಪ್ರೋಬನ್ನ ಒಳಗೆ, ಬಿಸಿ ಗೂಡಿನ ನೆಲಕ್ಕೆ ಅಂಟಿಸಿ. ಟೇಪ್ ಅಂಟು ಹಾವಿನ ಮೈಗೆ ತಾಗಬಾರದು, ಹುರುಪೆ ಕಿತ್ತುಬರುತ್ತೆ. ಕೇಬಲ್ ಕ್ಲಿಪ್ ಅಥವಾ ಅಕ್ವೇರಿಯಂ ಸಿಲಿಕೋನ್ ಬಳಸಿ, ಸಿಲಿಕೋನ್ ಆದ್ರೆ ಹಾವನ್ನ ಬೇರೆ ಡಬ್ಬಿಯಲ್ಲಿಟ್ಟು 48 ಗಂಟೆ ಒಣಗಿಸಿ. ಸೆಟ್ 32. ಒಂದು ಎಚ್ಚರಿಕೆ: ಪ್ರೋಬ್ ಮೇಲೆ ಹಾವು ನೀರಿನ ಬಟ್ಟಲು ಮಗುಚಿದರೆ ಅದು ತಣ್ಣಗಾಗಿ ಮ್ಯಾಟ್ ಆಫ್ ಆಗದೆ ಉರೀತಾನೇ ಇರುತ್ತೆ, ಹೊಟ್ಟೆ ಸುಡುತ್ತೆ. ಬಟ್ಟಲು ತಣ್ಣನೆ ಬದಿಯಲ್ಲೇ, ತಳ ಭಾರದ್ದು.

ಮ್ಯಾಟ್ ಗಾಳಿಯನ್ನ ಬಿಸಿ ಮಾಡಲ್ಲ. ತಣ್ಣನೆ ಬದಿ 21 ಇರೋದಕ್ಕೆ ಟ್ಯಾಂಕ್‌ನ ಮೂರು ಬದಿ, ಮೇಲಿನ ಜಾಲರಿಯ ಮುಕ್ಕಾಲು ಭಾಗ ಥರ್ಮಾಕೋಲ್ ಮುಚ್ಚಿ. ಸಾಲದಿದ್ದರೆ 50 ವ್ಯಾಟ್ ಸೆರಾಮಿಕ್ ಹೀಟರ್, ಅದಕ್ಕೂ ಪ್ರತ್ಯೇಕ ಥರ್ಮೋಸ್ಟ್ಯಾಟ್, ಸುತ್ತ ತಂತಿ ಬಲೆ.

ಜೋಗಿಮಟ್ಟಿ
ಪೇಪರ್ ಹಾಸಿದ್ರೆ ತೇವಾಂಶ ನಿಲ್ಲಲ್ಲ. ಚಿತ್ರದುರ್ಗದ ಗಾಳಿಗಂತೂ ಒಂದು ತಾಸಿನಲ್ಲಿ ಒಣಗಿ ಹೋಗುತ್ತೆ, ಫೆಬ್ರವರಿ ದಾಟಿದರೆ ಮನೆಯೊಳಗೇ 30 ಶೇಕಡಾ. ನೀರು ಕಡಿಮೆಯಾದ ಹಾವಿಗೂ ಅರಗಲ್ಲ. ಕುಂಬಾರರ ಹತ್ತಿರ ಸಿಗೋ ಮಣ್ಣಿನ ಕುಡಿಕೆ ತಗೊಳ್ಳಿ, ಬಣ್ಣ ಹಾಕದ್ದು. ಬಾಯಿ ಹಾವಿನ ದಪ್ಪಕ್ಕಿಂತ ಎರಡು ಪಟ್ಟು ಇರಲಿ, ಅಂಚು ಉಜ್ಜಿ ನುಣುಪು ಮಾಡಿ. ರಾತ್ರಿ ನೀರಲ್ಲಿ ನೆನೆಸಿ, ಒಳಗೆ ಹಿಂಡಿದ ತೆಂಗಿನ ನಾರು ಒಂದು ಹಿಡಿ ಹಾಕಿ ಅಡ್ಡ ಮಲಗಿಸಿಡಿ, ಬಿಸಿಗೂ ತಣ್ಣನೆಗೂ ಮಧ್ಯ. ಹಾವು ತನಗೆ ಬೇಕಾದಾಗ ಒಳಗೆ ಹೋಗುತ್ತೆ. ಕುಡಿಕೆ ಒಣಗಿದಾಗ ಹೊರಮೈ ಬಣ್ಣ ತಿಳಿಯಾಗುತ್ತೆ, ಆಗ ಮತ್ತೆ ನೆನೆಸಿ.

ಹರಿಹರ_ಸೇತುವೆ
ಬೆಚ್ಚಗಿನ ನೀರಲ್ಲಿ ಕೂರಿಸಿದ್ರೆ ಬೇಗ ಸುಧಾರಿಸುತ್ತೆ ಅಂತಾರೆ.

ಪಶುವೈದ್ಯೆ_ಹೊಳಲ್ಕೆರೆ
ಮೊದಲ ಎರಡು ದಿನ ಬೇಡ, ಮುಟ್ಟದೇ ಬಿಡೋದೇ ಚಿಕಿತ್ಸೆ. ಆಮೇಲೂ ಚರ್ಮ ಎಳೆದಾಗ ಮಡಿಕೆ ಹಾಗೇ ನಿಂತರೆ, ಕಣ್ಣು ಗುಳಿಬಿದ್ದರೆ ಮಾತ್ರ: 29-30 ಡಿಗ್ರಿ ನೀರು, ಹಾವಿನ ಅರ್ಧ ಎತ್ತರ, 15 ನಿಮಿಷ, ಪಕ್ಕದಲ್ಲೇ ನಿಂತು. ಬಟ್ಟಲಿನಿಂದ ಕುಡೀತಿದ್ರೆ ಅದೂ ಬೇಡ.

ಲ್ಯಾಬ್_ಮೇಜು
ಟ್ಯಾಂಕ್ ತೊಳೆಯೋ ಬಗ್ಗೆ ಯಾರೂ ಹೇಳಿಲ್ಲ. ಫಿನೈಲ್, ಡೆಟಾಲ್ ಮುಟ್ಟಬೇಡಿ, ಹಾವುಗಳಿಗೆ ವಿಷ. ಮೊದಲು ಸೋಪಿನ ನೀರಲ್ಲಿ ಕೊಳೆ ತೆಗೆದು, ಮನೆಯ ಬ್ಲೀಚ್ 1 ಭಾಗಕ್ಕೆ 9 ಭಾಗ ನೀರು ಸೇರಿಸಿ 10 ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ತೊಳೆದು ಬಿಸಿಲಲ್ಲಿ ಒಣಗಿಸಿ. ಕ್ರಿಪ್ಟೊ ಮಾತ್ರ ಬ್ಲೀಚ್‌ಗೆ ಸಾಯಲ್ಲ, ಕುದಿಯೋ ನೀರು ಅಥವಾ ಹಬೆ ಬೇಕು. ಆದರೆ ಗಾಜಿನ ಮೇಲೆ ಕುದಿಯೋ ನೀರು ಸುರಿದರೆ ಬಿರುಕು ಬಿಡುತ್ತೆ, ಅದು ಬಟ್ಟಲು, ಪ್ಲಾಸ್ಟಿಕ್ ಗೂಡಿಗೆ ಮಾತ್ರ. ಮರದ ಕೊಂಬೆ ಇದ್ದರೆ ಎಸೀರಿ. ಕೈಗವಸು ಹಾಕಿ, ಸಾಲ್ಮೊನೆಲ್ಲಾ ಇರುತ್ತೆ, ಅಡುಗೆಮನೆ ಸಿಂಕ್‌ನಲ್ಲಿ ಏನನ್ನೂ ತೊಳೀಬೇಡಿ.

ಮದಕರಿ_ವೃತ್ತ
ಸ್ವಲ್ಪ ಬೇರೆ ವಿಷಯ. ಹಿರಿಯೂರು ಕಡೆ ಈರುಳ್ಳಿ ಶೆಡ್‌ನಲ್ಲಿ ಕೇರೆಹಾವು ಹಿಡಿದಾಗ ಎರಡು ಕಪ್ಪೆ ಕಕ್ಕಿದೆ. ಒಂದು ವಾರ ಡ್ರಮ್‌ನಲ್ಲಿಟ್ಟು ಸುಧಾರಿಸಿದ ಮೇಲೆ ಬಿಡೋಣ ಅಂತಿದ್ದಾರೆ. ಸರೀನಾ?

ಪಶುವೈದ್ಯೆ_ಹೊಳಲ್ಕೆರೆ
ಖಂಡಿತ ತಪ್ಪು. ಅದು ಕಾಯಿಲೆ ಅಲ್ಲ. ಹೆದರಿದ ಹಾವು ಹಗುರಾಗಿ ಓಡೋಕೆ ಕಕ್ಕುತ್ತೆ. ಡ್ರಮ್‌ನಲ್ಲಿಟ್ಟಷ್ಟೂ ಅದಕ್ಕೆ ಕಷ್ಟ. ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿ ಇಟ್ಟುಕೊಳ್ಳೋಕೆ 1972ರ ವನ್ಯಜೀವಿ ಕಾಯ್ದೆ ಬಿಡಲ್ಲ, ಒಂದು ದಿನವೂ ಇಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಈಗಲೇ ಫೋನ್ ಮಾಡಿಸಿ, ಅವರು ಹೇಳಿದಂತೆ ಬಿಡಲಿ.

ಜೋಗಿಮಟ್ಟಿ
ಇನ್ನೊಂದು, ದಯವಿಟ್ಟು ಗಮನಿಸಿ. "ಹೆಬ್ಬಾವಿನ ಮರಿ ಸಿಕ್ಕಿದೆ" ಅಂತ ಹೊಲದಲ್ಲಿ ಕೈಗೆತ್ತಿಕೊಳ್ಳೋದು ಎಷ್ಟೋ ಸಲ ಕೊಳಕುಮಂಡಲ ಆಗಿರುತ್ತೆ. ಬೆನ್ನ ಮೇಲೆ ಸಾಲಾಗಿ, ಅಂಚು ಸ್ಪಷ್ಟವಾದ ದುಂಡು ಚುಕ್ಕೆ ಸರಪಳಿಯಂತಿದ್ದರೆ ಹತ್ತಿರ ಹೋಗಬೇಡಿ. ಹೆಬ್ಬಾವಿನ ಮಚ್ಚೆಗಳು ಅಡ್ಡಾದಿಡ್ಡಿ ಇರುತ್ತವೆ. ಸಂಶಯ ಬಂದ್ರೆ ದೂರವೇ ನಿಲ್ಲಿ.

ಪಿಜೆ_ಬಡಾವಣೆ
ಮ್ಯಾಟ್, ಪ್ರೋಬ್ ಎಲ್ಲ ಬದಲಾಯಿಸಿ ಆಯ್ತು. ಬೆಳಗಿನ ಜಾವ ಈಗ 31.8 ಮತ್ತು 25.2. ಕಕ್ಕಿದ ಮೇಲಿನ ತೂಕ 604. ಹದಿನಾಲ್ಕು ದಿನ ಕಳೆದ ಮೇಲೆ ಎಷ್ಟು ಕೊಡಲಿ? ಯಾವ ಲಕ್ಷಣಕ್ಕೆ ಡಾಕ್ಟರ ಹತ್ತಿರ ಓಡಬೇಕು?

ಪಶುವೈದ್ಯೆ_ಹೊಳಲ್ಕೆರೆ
604ರ ಲೆಕ್ಕ ಬರೆದಿಟ್ಟುಕೊಳ್ಳಿ, ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿ. ಮೊದಲ ಊಟ 25 ಗ್ರಾಂ ಮೀರಬಾರದು, ಕೂದಲು ದಟ್ಟವಾಗದ ಎಳೆ ಇಲಿಮರಿ. ಕೊಟ್ಟ ಮೇಲೆ ಐದು ದಿನ ಗಾಜಿನ ಬಟ್ಟೆ ಕೂಡ ಎತ್ತಬೇಡಿ. ಮಲ ಹಾಕಿದ ಮೇಲೆ, ಹತ್ತು ಹನ್ನೆರಡು ದಿನಕ್ಕೆ 35 ಗ್ರಾಂ, ಅದೂ ಉಳಿದರೆ 45, ನಾಲ್ಕನೆಯದಕ್ಕೆ 50-55. ಇನ್ನು ಮೇಲೆ 70ಕ್ಕೆ ಹೋಗುವ ಅಗತ್ಯವೇ ಇಲ್ಲ.

ಕಾಯದೆ ತೋರಿಸಬೇಕಾದ್ದು: ಎರಡನೇ ಸಲ ಕಕ್ಕುವುದು, ರಕ್ತ, ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ (ಕಕ್ಕುವಾಗ ಶ್ವಾಸಕೋಶಕ್ಕೆ ಹೋಗಿದ್ದರೆ ನಾಲ್ಕೈದು ದಿನಕ್ಕೆ ನ್ಯುಮೋನಿಯಾ ಕಾಣಿಸುತ್ತೆ), ತಲೆ ಹಿಂದಕ್ಕೆ ಬಾಗಿಸಿ ಆಕಾಶ ನೋಡುವುದು, ಊಟ ಇಲ್ಲದೆಯೂ ಮೈಯ ನಡುಭಾಗದಲ್ಲಿ ಗಟ್ಟಿ ಉಬ್ಬು, ತೂಕ 10 ಶೇಕಡಾ ಇಳಿಯುವುದು. ನಡುಭಾಗದ ಉಬ್ಬು ಕ್ರಿಪ್ಟೊದ ಗುರುತಾಗಿರಬಹುದು, ಅದಕ್ಕೆ ಭರವಸೆಯ ಮದ್ದಿಲ್ಲ, ಬೇರೆ ಹಾವುಗಳಿದ್ದರೆ ಇವತ್ತೇ ಬೇರೆ ಕೋಣೆಗೆ ಸಾಗಿಸಬೇಕು. ಜಂತುಹುಳದ ಔಷಧಿಯನ್ನಾಗಲಿ, ಏಕಕೋಶ ಪರಾವಲಂಬಿಗೆ ಕೊಡೋ ಮೆಟ್ರೊನಿಡಝೋಲನ್ನಾಗಲಿ ಅಂಗಡಿಯಿಂದ ತಂದು ಅಂದಾಜಿಗೆ ಹಾಕಬೇಡಿ, ಮೆಟ್ರೊನಿಡಝೋಲ್ ಪ್ರಮಾಣ ಹೆಚ್ಚಾದರೆ ನರಕ್ಕೆ ಹೊಡೆಯುತ್ತೆ.

ಹತ್ತಿರದಲ್ಲಿ ಹಾವು ನೋಡುವವರು ಸಿಗದಿದ್ದರೆ ಶಿವಮೊಗ್ಗ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಮೊದಲು ಫೋನ್ ಮಾಡಿ ಕೇಳಿ. ಹತ್ತಿಬಟ್ಟೆ ಚೀಲಕ್ಕೆ ಗಂಟು ಹಾಕಿ, ಚೀಲವನ್ನ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಗಾಳಿತೂತು ಬಿಟ್ಟು ಒಯ್ಯಿರಿ. ನೋಂದಣಿ ಪತ್ರದ ಪ್ರತಿ ಜೊತೆಗಿರಲಿ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, 2024ರ ನಿಯಮದ ಪ್ರಕಾರ ಕಾಗದ ಕೇಳಿದರೆ ತೋರಿಸಬೇಕು.

ಹರಿಹರ_ಸೇತುವೆ
ಮೊದಲ ಇಲಿಮರಿಯ ಬೆನ್ನಿಗೆ ಬ್ಲೇಡ್‌ನಲ್ಲಿ ಎರಡು ಗೀರು ಹಾಕಿದ್ರೆ ಆಮ್ಲ ಬೇಗ ಒಳಗಿಳಿಯುತ್ತೆ ಅಂತ ಕೆಲವರು ಮಾಡ್ತಾರೆ. ಪ್ರೊಬಯಾಟಿಕ್ ಪುಡಿಯನ್ನೂ ಸವರ್ತಾರೆ.

ಕುಂದವಾಡ_ಕೆರೆ
25 ಗ್ರಾಂ ಮರಿಯ ಚರ್ಮ ಮೊದಲೇ ತೆಳು, ಗೀರು ಬೇಕಿಲ್ಲ.

ಜೋಗಿಮಟ್ಟಿ
ನಾನು ಒಪ್ಪಲ್ಲ. ಗೀರಿನಿಂದ ನಷ್ಟ ಏನೂ ಇಲ್ಲ, ರಕ್ತದ ವಾಸನೆಗೆ ಹಾವು ಬೇಗ ಹಿಡಿಯುತ್ತೆ ಕೂಡ.

ಪಶುವೈದ್ಯೆ_ಹೊಳಲ್ಕೆರೆ
ಗೀರು ಹಾಕಿದರೂ ಸರಿ, ಬಿಟ್ಟರೂ ಸರಿ. ಪ್ರೊಬಯಾಟಿಕ್‌ಗೆ ಗಟ್ಟಿ ಆಧಾರ ಇಲ್ಲ, ಕೊಡಲೇಬೇಕು ಅಂತೇನಿಲ್ಲ.

ಪಿಜೆ_ಬಡಾವಣೆ
ರಾತ್ರಿ ಕರೆಂಟ್ ಹೋದ್ರೆ? ಮನೆ ಇನ್ವರ್ಟರ್ ಸಾಕಾ?

ಕುಂದವಾಡ_ಕೆರೆ
ಮ್ಯಾಟ್ 20 ವ್ಯಾಟ್, 8 ಗಂಟೆಗೆ 160 ವ್ಯಾಟ್-ಅವರ್. 150 ಎಎಚ್ ಬ್ಯಾಟರಿಗೆ ಏನೂ ಭಾರ ಅಲ್ಲ. ಸೆರಾಮಿಕ್ 50 ವ್ಯಾಟ್ ಸೇರಿದರೆ 560, ಫ್ಯಾನು, ಲೈಟು ಕಡಿಮೆ ಮಾಡಿ. ಇನ್ವರ್ಟರ್ ಲೈನ್‌ನ ಪ್ಲಗ್ಗಿಗೇ ಹಾಕಿದ್ದೀರಾ ಅಂತ ಮೇನ್ ಆಫ್ ಮಾಡಿ ಪರೀಕ್ಷಿಸಿ.

ತುರುವನೂರು_ರಸ್ತೆ
ಕರೆಂಟ್ ಹೋದಾಗ ಫ್ರೀಜರ್‌ನ ಇಲಿಗಳ ಬಗ್ಗೆನೂ ಯೋಚಿಸ್ರಿ. ಒಂದು ಲೋಟ ನೀರು ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ ಮೇಲೊಂದು ರೂಪಾಯಿ ನಾಣ್ಯ ಇಟ್ಟುಬಿಡ್ರಿ. ನಾಣ್ಯ ಮೇಲೆಯೇ ಇದ್ರೆ ಇಲಿ ಸರಿ ಅದಾವ. ಒಳಗೆ ಇಳಿದಿದ್ರೆ ನೀವಿಲ್ಲದಾಗ ಕರಗಿ ಮತ್ತೆ ಗಡ್ಡೆ ಕಟ್ಟೈತಿ ಅಂತ, ಆ ಸ್ಟಾಕ್ ಕೊಡಬೇಡ್ರಿ. ಪಾರ್ಸಲ್ ಕಳಿಸೋವ್ರಿಗೂ ಸಣ್ಣ ಮುಚ್ಚಳದ ಡಬ್ಬಿಯಲ್ಲಿ ಇದೇ ಥರ ಇಟ್ಟು ಕಳಿಸೋಕೆ ಹೇಳ್ರಿ.

ಪಿಜೆ_ಬಡಾವಣೆ
ಪಾರ್ಸಲ್ ಡಬ್ಬಿ ದಾರಿಯಲ್ಲಿ ತಲೆಕೆಳಗಾದ್ರೆ ನಾಣ್ಯ ಸುಳ್ಳು ಹೇಳಲ್ವಾ?

ತುರುವನೂರು_ರಸ್ತೆ
ಗಡ್ಡೆ ಕಟ್ಟಿದ ಮೇಲೆ ನಾಣ್ಯದ ಮೇಲೊಂದು ಚಮಚ ನೀರು ಹಾಕಿ ಮತ್ತೆ ಗಡ್ಡೆ ಕಟ್ಟಿಸಬೇಕು, ಆಗ ಅಂಟಿಕೊಂಡಿರ್ತೈತಿ. ಡಬ್ಬಿ ಹೇಗೇ ಮಗುಚಿದ್ರೂ ಕರಗದೆ ನಾಣ್ಯ ಜಾಗ ಬಿಡಲ್ಲ.